ಸ್ಪಿಟ್‌ಫೈರ್ ಮಾರ್ಕ್ 4: ಹಿಂದಿನ ಸಸ್ಪೆನ್ಷನ್‌ನಲ್ಲಿ ಮೊದಲು ಯಾವುದು ಬದಲಿಸಬೇಕು?

ಕೆಂಪುಸ್ಪಿಟ್ (ಬರ್ಮಿಂಗ್‌ಹ್ಯಾಮ್)

ಗಾಡಿ: 1973ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 4 ಕಾರು, 1296 ಸಿಸಿ, ಬಲಗೈ ಸ್ಟೇರಿಂಗ್. ಹಿಂದೆ ಸ್ವಿಂಗ್-ಸ್ಪ್ರಿಂಗ್, ಅಂದರೆ ಅಡ್ಡಕ್ಕೆ ಕೂತ ಒಂದೇ ಕಮಾನು.

ತೊಂದರೆಗಳು ಹೀಗಿವೆ:

ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಗಾಡಿಯ ಹಿಂಭಾಗ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟ ಹಾಗಾಗುತ್ತೆ. ಮತ್ತೆ ಒತ್ತಿದರೆ ವಾಪಸ್ ಬರುತ್ತೆ. ನೇರ ರಸ್ತೆಯಲ್ಲೂ ಸ್ವಲ್ಪ ಹೀಗೇ.

ಸಣ್ಣ ಗುಂಡಿಗೆ ಇಳಿದಾಗ ಹಿಂದೆ ಎಡಗಡೆ "ಟಕ್" ಅಂತ ಒಂದೇ ಸದ್ದು.

ನಿಂತ ಗಾಡಿ ಬಲಕ್ಕೆ ಅರ್ಧ ಇಂಚು ವಾಲಿದೆ. ಹಿಂದಿನ ಎರಡೂ ಚಕ್ರಗಳ ಮೇಲ್ಭಾಗ ಒಳಕ್ಕೆ ಬಾಗಿದೆ.

ಹೊಸ ಕಮಾನು, ಹೊಸ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಹಾಕಿಬಿಟ್ಟರೆ ಎಲ್ಲಾ ಸರಿಹೋಗುತ್ತಾ? ಪೂರ್ತಿ ಪಾಲಿಯುರೆಥೇನ್ ಬುಷ್ ಕಿಟ್ (ಕೀಲುಗಳೊಳಗೆ ರಬ್ಬರ್ ಬದಲು ಕೂರೋ ಗಟ್ಟಿ ಬಳೆಗಳು) ಒಟ್ಟಿಗೇ ತರಿಸೋಣ ಅಂತಲೂ ಯೋಚನೆ ಇದೆ. ಕೆಲಸ ಮನೆ ಮುಂದೆಯೇ, ಟ್ರಾಲಿ ಜಾಕ್ ಮತ್ತು ನಾಲ್ಕು ಸ್ಟ್ಯಾಂಡ್ ಇವೆ. ಪ್ರೆಸ್ ಇಲ್ಲ.

---

ಹಳೇಪಾನಾ

ಕಮಾನು ಆರ್ಡರ್ ಮಾಡಬೇಡಿ, ಸದ್ಯಕ್ಕೆ. ನೀವು ಬರೆದ ಮೂರು ತೊಂದರೆಗೆ ಮೂರು ಬೇರೆ ಕಾರಣ ಇರೋ ಹಾಗಿದೆ.

ಮೊದಲನೆಯದು, ಕಾಲು ತೆಗೆದಾಗ ಹಿಂದೆ ಸರಿಯೋದು. ಇದು ರೇಡಿಯಸ್ ಆರ್ಮ್ ಕಡೆ ಬೆರಳು ತೋರಿಸುತ್ತೆ. ಈ ಗಾಡಿಯಲ್ಲಿ ಹಿಂದಿನ ಚಕ್ರ ಮುಂದಕ್ಕೂ ಹಿಂದಕ್ಕೂ ಹೋಗದ ಹಾಗೆ ಹಿಡಿದಿರೋದು ಆ ಒಂದು ಸಣ್ಣ ಸರಳು, ಅದರ ಎರಡು ತುದಿಯ ರಬ್ಬರ್ ಬುಷ್, ಅಷ್ಟೇ. ಬುಷ್ ಸವೆದಿದ್ದರೆ ಎಂಜಿನ್ ಎಳೆಯುವಾಗ ಚಕ್ರ ಎರಡು ಮಿಲಿಮೀಟರ್ ಮುಂದಕ್ಕೆ ಹೋಗುತ್ತೆ, ಕಾಲು ತೆಗೆದಾಗ ಅಷ್ಟೇ ಹಿಂದಕ್ಕೆ. ಡ್ರೈವ್‌ಶಾಫ್ಟ್ ಒಳತುದಿ ಡಿಫರೆನ್ಷಿಯಲ್ ಹತ್ತಿರ ಕೀಲಾಗಿರೋದರಿಂದ ಹೊರತುದಿ ಮುಂದೆ ಹೋದರೆ ಟೋ-ಇನ್ (ಚಕ್ರದ ಮುಂಭಾಗ ಒಳಕ್ಕೆ ತಿರುಗೋದು), ಹಿಂದೆ ಬಂದರೆ ಟೋ-ಔಟ್ (ಹೊರಕ್ಕೆ ತಿರುಗೋದು). ಅಂದರೆ ನಿಮ್ಮ ಬಲಗಾಲು ಹಿಂದಿನ ಚಕ್ರಗಳಿಗೆ ಸ್ಟೇರಿಂಗ್ ಮಾಡ್ತಾ ಇದೆ. ಸ್ವಿಂಗ್ ಆಕ್ಸಲ್ ಗಾಡಿಗೆ, ಅಂದರೆ ಹಿಂದಿನ ಚಕ್ರ ಶಾಫ್ಟ್ ಸಮೇತ ಮೇಲೆ ಕೆಳಗೆ ತೂಗೋ ಗಾಡಿಗೆ, ತಿರುವಿನಲ್ಲಿ ಕಾಲು ತೆಗೆಯೋ ಕ್ಷಣವೇ ಅಪಾಯದ ಕ್ಷಣ. ಅದೇ ಹೊತ್ತಿಗೆ ಟೋ-ಔಟ್ ಬಂದರೆ ಕೇಳಬೇಕೆ.

ಪರೀಕ್ಷೆ ಸುಲಭ. ಗಾಡಿ ನೆಲದ ಮೇಲೆ ನಿಂತಿರಲಿ, ಗೇರ್‌ನಲ್ಲಿ ಬೇಡ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಒಬ್ಬರು ಗಾಡಿಯನ್ನು ಹಿಂದೆ ಮುಂದೆ ಜೋರಾಗಿ ತಳ್ಳಲಿ, ಇನ್ನೊಬ್ಬರು ಆರ್ಮ್‌ನ ಎರಡೂ ತುದಿಯ ಬೋಲ್ಟ್ ತಲೆ ನೋಡಲಿ. ಬುಷ್‌ನ ಒಳಕೊಳವೆ ರಬ್ಬರಿನ ಮಧ್ಯೆ ಇರದೆ ಒಂದು ಕಡೆ ಕೂತಿದ್ದರೆ ಅಥವಾ ಕಣ್ಣಿಗೆ ಕಾಣೋ ಹಾಗೆ ಅಲ್ಲಾಡಿದರೆ ಮುಗೀತು.

ಬುಷ್‌ಗಿಂತ ಮುಖ್ಯ ಇನ್ನೊಂದಿದೆ. ಸ್ಪಿಟ್‌ಫೈರ್‌ನಲ್ಲಿ ರೇಡಿಯಸ್ ಆರ್ಮ್‌ನ ಮುಂದಿನ ಬ್ರ್ಯಾಕೆಟ್ ಕೂತಿರೋದು ಚಾಸಿ ಮೇಲಲ್ಲ, ಬಾಡಿಯ ತಗಡಿನ ಮೇಲೆ, ಸೀಟಿನ ಹಿಂದೆ. ಅಲ್ಲಿ ತುಕ್ಕು ಹಿಡಿದಿದ್ದರೆ ಹೊಸ ಬುಷ್ ಹಾಕಿ ಏನೂ ಪ್ರಯೋಜನ ಇಲ್ಲ, ತಗಡೇ ಉಸಿರಾಡುತ್ತೆ. ಕಾರ್ಪೆಟ್ ಎತ್ತಿ, ಒಳಗಿನಿಂದಲೂ ಕೆಳಗಿನಿಂದಲೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಸದ್ದು ಬರಬೇಕು. ಅಂಡರ್‌ಸೀಲ್ ದಪ್ಪಗೆ ಬಳಿದಿದ್ದರೆ ಇನ್ನೂ ಅನುಮಾನ ಪಡಿ. ನಿಮ್ಮ ಕಡೆ 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗದ ಗಾಡಿಗೆ 2018ರ ಮೇ ತಿಂಗಳಿಂದ ಎಂಒಟಿ (ವರ್ಷದ ವಾಹನ ತಪಾಸಣೆ) ಕಡ್ಡಾಯ ಅಲ್ಲ. ಹಾಗಾಗಿ ಈ ಜಾಗವನ್ನು ಬೇರೆಯವರು ನೋಡಿರ್ತಾರೆ ಅನ್ನೋ ನಂಬಿಕೆ ಬೇಡ.

ಎರಡನೆಯದು, "ಟಕ್". ಎಡ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಒಳಗೆ ಟಾರ್ಚ್ ಬಿಟ್ಟು ನೋಡಿ. ವರ್ಟಿಕಲ್ ಲಿಂಕ್‌ನ (ಕಮಾನಿನ ತುದಿಯಿಂದ ಹಬ್‌ವರೆಗೆ ನಿಂತ ಕೊಂಡಿ) ಕೆಳಗಿನ ಟ್ರನಿಯನ್ (ಕೀಲು) ಬೋಲ್ಟ್ ಹತ್ತಿರ ಆಟ ಕಂಡರೆ ನೈಲಾನ್ ಬುಷ್ ಸವೆದಿದೆ. ಲಿಂಕ್ ಅಲ್ಲಾಡದೆ ಹಬ್ (ಚಕ್ರ ಕೂರೋ ಭಾಗ) ಮಾತ್ರ ಅಲ್ಲಾಡಿದರೆ ಬೇರಿಂಗ್ ಹೋಗಿದೆ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ, ಯಾಕಂದ್ರೆ ಬುಷ್ ಮಧ್ಯಾಹ್ನದ ಕೆಲಸ, ಬೇರಿಂಗ್ ಬೇರೆಯದೇ ಪುರಾಣ. ಹಬ್ ಅಲ್ಲಿ ಟೇಪರ್ ಮೇಲೆ ಕೀ ಹಾಕಿ 100–110 ಪೌಂಡ್-ಅಡಿ ಬಿಗಿದು ಕೂತಿರುತ್ತೆ. ಸಾಮಾನ್ಯ ಮೂರು ಕಾಲಿನ ಪುಲ್ಲರ್ ಹಾಕಿದರೆ ಹಬ್ಬಿನ ಅಂಚು ಬಾಗುತ್ತೆ, ಹಬ್ ಬರಲ್ಲ. ಅದಕ್ಕೆ ಸ್ಟಡ್‌ಗಳಿಗೆ ಕಚ್ಚೋ ಭಾರಿ ಪುಲ್ಲರೇ ಬೇಕು.

ಮೂರನೆಯದು, ವಾಲಿಕೆ. ನಿಮ್ಮದು ಸ್ವಿಂಗ್-ಸ್ಪ್ರಿಂಗ್. ಕೆಳಗಿನ ಪಟ್ಟಿ ಮಾತ್ರ ಡಿಫರೆನ್ಷಿಯಲ್ ಮೇಲೆ ಬಿಗಿಯಾಗಿದೆ, ಮೇಲಿನ ಪಟ್ಟಿಗಳು ಪೆಟ್ಟಿಗೆಯೊಳಗೆ ತಕ್ಕಡಿ ದಂಡದ ಹಾಗೆ ತೂಗಾಡ್ತವೆ. ತಕ್ಕಡಿ ದಂಡ ಗಾಡಿಯನ್ನು ಒಂದು ಕಡೆ ಎತ್ತಿ ಹಿಡಿಯೋಕಾಗಲ್ಲ. ಹಾಗಾಗಿ ಈ ಮಾದರಿಯಲ್ಲಿ ಪಕ್ಕ ವಾಲಿಕೆಗೆ ಹೆಚ್ಚಾಗಿ ಮುಂದಿನ ಕಾಯಿಲ್ ಸ್ಪ್ರಿಂಗ್ ಕಾರಣ. ಬಲಗೈ ಗಾಡಿಯಲ್ಲಿ ಚಾಲಕನ ಬದಿ ಐವತ್ತು ವರ್ಷದಿಂದ ಹೊತ್ತಿದೆ, ಅದು ಮೊದಲು ಕುಸಿಯೋದು ಸಹಜ. ಹಿಂದಿನ ಕಮಾನು ಬದಲಿಸಿದರೆ ಗಾಡಿ ಎತ್ತರ ಆಗುತ್ತೆ, ವಾಲಿಕೆ ಹಾಗೇ ಉಳಿಯುತ್ತೆ.

ಚಕ್ರ ಒಳಕ್ಕೆ ಬಾಗಿದ್ದು ಎಷ್ಟು ಅಂತ ಅಳೆದು ಹೇಳಿ. ರಿಮ್‌ನ ಮೇಲಂಚು, ಕೆಳಂಚಿಗೆ ತೂಗುಗುಂಡಿನ ದಾರದಿಂದ ಎಷ್ಟು ದೂರ ಅಂತ ನೋಡಿ. 13 ಇಂಚಿನ ರಿಮ್‌ನಲ್ಲಿ 6 ಮಿಮೀ ವ್ಯತ್ಯಾಸ ಸುಮಾರು 1 ಡಿಗ್ರಿ. ಅಳೆಯೋ ಮೊದಲು ಗಾಡಿಯನ್ನು ನಾಲ್ಕೈದು ಅಡಿ ಹಿಂದೆ ಮುಂದೆ ಉರುಳಿಸಿ. ಜಾಕ್‌ನಿಂದ ಇಳಿಸಿದ ಕೂಡಲೇ ಟೈರು ನೆಲ ಕಚ್ಚಿಕೊಂಡಿರುತ್ತೆ, ಚಕ್ರ ಹೊರಕ್ಕೆ ಜಾರಿ ಕೂರೋಕೆ ಬಿಡಲ್ಲ. ಆಗ ತೆಗೆದ ಅಳತೆಗೆ ಅರ್ಥ ಇಲ್ಲ.

---

ಕೆಂಪುಸ್ಪಿಟ್

ಹೇಳಿದ ಹಾಗೆ ನೋಡಿದೆ. ರೇಡಿಯಸ್ ಆರ್ಮ್ ಎರಡೂ ಕಡೆ ಮುಂದಿನ ಬುಷ್ ಸತ್ತಿದೆ, ಒಳಕೊಳವೆ ರಬ್ಬರಿನಿಂದ ಬಿಟ್ಟುಕೊಂಡಿದೆ. ತಗಡು ಗಟ್ಟಿ ಇದೆ. ಎಡ ಟ್ರನಿಯನ್‌ನಲ್ಲಿ ಆಟ ಇದೆ, ಹಬ್‌ನಲ್ಲಿ ಇಲ್ಲ. ಉರುಳಿಸಿ ಅಳೆದಾಗ ಎಡಗಡೆ 17 ಮಿಮೀ, ಬಲಗಡೆ 19 ಮಿಮೀ ಒಳಕ್ಕೆ.

ಟ್ರನಿಯನ್ ಬೋಲ್ಟ್‌ನ ನಟ್ ಬಿಚ್ಚಿತು, ಬೋಲ್ಟ್ ಮಾತ್ರ ಕಲ್ಲು. ಸುತ್ತಿಗೆಯಲ್ಲಿ ಹೊಡೆದೆ, ಅಲ್ಲಾಡಲಿಲ್ಲ.

---

ಗ್ರೀಸ್‌ಗನ್

ಸುತ್ತಿಗೆ ಕೆಳಗಿಡಿ! ವರ್ಟಿಕಲ್ ಲಿಂಕ್ ಅಂದ್ರೆ ಒತ್ತಿದ ತಗಡಿನ ಎರಡು ಕಿವಿ, ನಡುವೆ ಟ್ರನಿಯನ್. ಬೋಲ್ಟ್ ಹೊಡೆದರೆ ಒಂದು ಕಿವಿ ಒಳಕ್ಕೆ ಬಾಗುತ್ತೆ. ಆಮೇಲೆ ಹೊಸ ಬುಷ್ ಕೂಡ ಬಿಗಿಯಾಗಿ ಹಿಡಿಯುತ್ತೆ, ಕೀಲು ತಿರುಗಲ್ಲ.

ಒಳಗೆ ಏನಾಗಿದೆ ಅಂತ ಗೊತ್ತಿದ್ದರೆ ಬಿಚ್ಚೋದು ಸುಲಭ. ಬೋಲ್ಟ್ ಒಂದು ಉಕ್ಕಿನ ಕೊಳವೆಯೊಳಗೆ ಹೋಗುತ್ತೆ. ಕೊಳವೆಯ ಮೇಲೆ ಎರಡು ನೈಲಾನ್ ಬುಷ್. ಬೋಲ್ಟ್ ಬಿಗಿದಾಗ ಎರಡು ಕಿವಿ ಕೊಳವೆಯನ್ನು ಅಪ್ಪಿ ಹಿಡೀತವೆ, ಟ್ರನಿಯನ್ ನೈಲಾನ್ ಸಮೇತ ಕೊಳವೆಯ ಸುತ್ತ ತಿರುಗುತ್ತೆ. ನೀರು ಬೋಲ್ಟಿಗೂ ಕೊಳವೆಗೂ ನಡುವೆ ಇಳಿದು ಎರಡನ್ನೂ ಒಂದೇ ಕಬ್ಬಿಣ ಮಾಡಿಬಿಡುತ್ತೆ. ಈಗ ನೀವು ಬೋಲ್ಟ್ ಹೊಡೆದರೆ ಕೊಳವೆ ಸಮೇತ ಎದುರಿನ ಕಿವಿಗೆ ಗುದ್ದುತ್ತೆ. ಅದು ಹೊರಗೆ ಬರೋ ದಾರಿಯೇ ಇಲ್ಲ, ಕೊಳವೆ ಕಿವಿಯ ತೂತಿಗಿಂತ ದಪ್ಪ.

ಹಾಗಾಗಿ: ಎರಡು ದಿನ ತುಕ್ಕು ಬಿಡಿಸೋ ಎಣ್ಣೆ ಬಿಡಿ, ಬೆಳಗ್ಗೆ ಸಂಜೆ. ತಲೆಗೆ 5/8 ಎಎಫ್ (ಇಂಚಿನ ಅಳತೆ) ಸಾಕೆಟ್ ಹಾಕಿ ಬಿಚ್ಚೋ ಕಡೆಗೂ ಬಿಗಿಯೋ ಕಡೆಗೂ ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿ. ಬೋಲ್ಟ್ ತಿರುಗಿತು ಅಂತ ಕುಣಿಯಬೇಡಿ, ಕೊಳವೆಯೂ ಜೊತೆಗೆ ತಿರುಗ್ತಿರಬಹುದು. ಬರಲ್ಲ ಅಂದ್ರೆ ಕೊಯ್ಯೋದೇ. ಕಿವಿಗೂ ಟ್ರನಿಯನ್ ಮೈಗೂ ನಡುವಿನ ಸಂದಿಯಲ್ಲಿ ರಬ್ಬರ್ ಉಂಗುರ, ತಗಡಿನ ವಾಷರ್ ಇರುತ್ತೆ. ಆ ಸಂದಿಗೆ ಹ್ಯಾಕ್ಸಾ ಬ್ಲೇಡ್ ಬಿಟ್ಟು ಬೋಲ್ಟ್, ಕೊಳವೆ ಎರಡನ್ನೂ ಒಟ್ಟಿಗೆ ಕತ್ತರಿಸಿ. ಎರಡೂ ಕಡೆ. ಉದ್ದ ಬ್ಲೇಡ್‌ನ ಕರೆಂಟ್ ಗರಗಸ ಇದ್ದರೆ ಒಂದು ಕಡೆಗೆ ಐದು ನಿಮಿಷ, ಕೈಯಲ್ಲಾದರೆ ಮುಕ್ಕಾಲು ಗಂಟೆ ಬೆವರು. ಬ್ಲೇಡ್ ಕಿವಿ ಕಡೆ ವಾಲದ ಹಾಗೆ ಹಳೇ ಫೀಲರ್ ಗೇಜ್‌ನ ಒಂದು ಎಲೆಯನ್ನು ಕಿವಿಗೆ ಒತ್ತಿ ಹಿಡಿದುಕೊಳ್ಳಿ. ಆಂಗಲ್ ಗ್ರೈಂಡರ್ ಬೇಡ, ಜಾಗ ಸಾಲದು, ಕಿವಿಗೆ ಗಾಯ ಆಗುತ್ತೆ.

ಬೆಂಕಿ ಹಚ್ಚೋ ಆಸೆ ಬರುತ್ತೆ. ಹಬ್ ಬೇರಿಂಗ್‌ನ ಗ್ರೀಸು, ಸೀಲು ಆ ಮೈಯೊಳಗೇ ಇದೆ, ಪಕ್ಕದಲ್ಲೇ ಬ್ರೇಕ್ ಹೋಸ್ ಇದೆ. ಬೇಡ.

ಜೋಡಿಸುವಾಗ: ಟ್ರನಿಯನ್ ತೂತು ಒಳಗೆ ಎಮರಿ ಕಾಗದದಿಂದ ತುಕ್ಕು ತೆಗೆಯಿರಿ. ನೈಲಾನ್ ಬುಷ್ ಬೆರಳಲ್ಲಿ ಒತ್ತಿದರೆ, ಹೆಚ್ಚಂದ್ರೆ ವೈಸ್‌ನಲ್ಲಿ ಹಿಚುಕಿದರೆ ಕೂರಬೇಕು. ಕೊಳವೆಯನ್ನು ತೂರಿಸಿ ನೋಡಿ: ಅದು ಎರಡೂ ಕಡೆ ಬುಷ್‌ನ ಅಂಚಿಗಿಂತ ಕೂದಲೆಳೆಯಷ್ಟಾದರೂ ಹೊರಗೆ ಇರಬೇಕು. ಒಳಗೆ ಮುಳುಗಿದ್ದರೆ ಬೋಲ್ಟ್ ಬಿಗಿದಾಗ ಕಿವಿ ನೈಲಾನನ್ನೇ ಹಿಚುಕುತ್ತೆ. ಅಗ್ಗದ ಕಿಟ್‌ಗಳಲ್ಲಿ ಈ ಅಳತೆ ಎಡವಟ್ಟಾಗಿರೋದು ಉಂಟು, ಆಗ ಬುಷ್‌ನ ಅಂಚನ್ನು ಗಾಜಿನ ಮೇಲಿಟ್ಟ ಎಮರಿ ಕಾಗದಕ್ಕೆ ಉಜ್ಜಿ ಸರಿಮಾಡಿ. ಹೊಸ ಬೋಲ್ಟಿಗೆ ಧಾರಾಳವಾಗಿ ತಾಮ್ರದ ಗ್ರೀಸ್. ಹೊಸ ನೈಲಾಕ್ (ಸಡಿಲವಾಗದ ಹಾಗೆ ನೈಲಾನ್ ಉಂಗುರ ಇರೋ ನಟ್), 45 ಪೌಂಡ್-ಅಡಿ, ಅಂದರೆ 61 ನ್ಯೂಟನ್-ಮೀಟರ್.

ಇನ್ನೊಂದು, ಇದನ್ನು ಅನೇಕರು ಕಲಸುಮೇಲೋಗರ ಮಾಡ್ತಾರೆ: ಇಪಿ 90 ಗೇರ್ ಎಣ್ಣೆ ಹಾಕೋದು ಮುಂದಿನ ಟ್ರನಿಯನ್‌ಗೆ. ಹಿಂದಿನದಕ್ಕೆ ಎಣ್ಣೆ ಇಲ್ಲ. ಹಿಂದಿನ ಹಬ್ ಮೈಮೇಲೆ ಕಾಣೋ ಸಣ್ಣ ಪ್ಲಗ್ ಬೇರಿಂಗಿನ ಗ್ರೀಸಿಗೆ. ಗಾಡಿ ಎತ್ತಿದ್ದೀರಲ್ಲ, ಅದನ್ನು ಬಿಚ್ಚಿ ನಿಪ್ಪಲ್ ಹಾಕಿ ನಾಲ್ಕೈದು ಒತ್ತು ಕೊಟ್ಟುಬಿಡಿ. ಒಳಗಡೆ ಇರೋದು ಸೂಜಿ ಬೇರಿಂಗ್, ಅದು ನೇರ ಶಾಫ್ಟ್ ಮೇಲೇ ಓಡುತ್ತೆ. ಒಣಗಿದರೆ ಬೇರಿಂಗ್ ಜೊತೆ ಶಾಫ್ಟೂ ಹೋಯ್ತು.

---

ಹಳೇಪಾನಾ

17, 19 ಮಿಮೀ ಅಂದರೆ 3 ಡಿಗ್ರಿ ಆಸುಪಾಸು. ಸರಿ, ಹಾಗಿದ್ದರೆ ಕಮಾನೂ ದಣಿದಿದೆ. ನನ್ನ ಮಾತು ಅರ್ಧ ವಾಪಸ್. ಆದರೂ ಕ್ರಮ ಅದೇ: ರೇಡಿಯಸ್ ಬುಷ್, ಟ್ರನಿಯನ್, ಆಮೇಲೆ ಕಮಾನು. ಕಮಾನು ತೆಗೆದ ಮೇಲೆ ಪಟ್ಟಿಗಳ ತುದಿಯ ನಡುವಿನ ಗುಂಡಿಗಳನ್ನು (ಪಟ್ಟಿಗಳು ಒಂದಕ್ಕೊಂದು ಉಜ್ಜದ ಹಾಗೆ ಇಟ್ಟ ಬಟನ್) ನೋಡಿ. ಅವು ಸವೆದು ಉದುರಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕೆಳಪಟ್ಟಿಯಲ್ಲಿ ಹಳ್ಳ ಬಿದ್ದಿರುತ್ತೆ. ಅಂಥ ಹಳ್ಳ ಉಗುರಿಗೆ ಸಿಕ್ಕಿದರೆ ಬರೀ ಗುಂಡಿ ಬದಲಿಸಿ ಉಳಿಸೋ ಆಸೆ ಬಿಡಿ, ಪಟ್ಟಿ ಮುರಿಯೋದು ಅಲ್ಲೇ.

ಕಮಾನು ಇಳಿಸೋ ಕೆಲಸ. ಚಾಸಿ ಸ್ಟ್ಯಾಂಡ್ ಮೇಲೆ, ಚಕ್ರ ಎರಡೂ ಹೊರಗೆ. ಮುಖ್ಯ ಮಾತು: ಡ್ಯಾಂಪರ್ ಇರೋದರಿಂದಲೇ ಚಕ್ರ ಪೂರ್ತಿ ಕೆಳಗೆ ಬೀಳದೆ ನಿಂತಿದೆ. ವರ್ಟಿಕಲ್ ಲಿಂಕ್ ಕೆಳಗೆ ಜಾಕ್ ಕೊಟ್ಟು ಸ್ವಲ್ಪ ಎತ್ತಿ, ಡ್ಯಾಂಪರ್ ಮೇಲಿನ ಭಾರ ಹೋದ ಮೇಲೆ ಅದನ್ನು ಬಿಚ್ಚಿ. ಆಮೇಲೆ ಜಾಕನ್ನು ನಿಧಾನಕ್ಕೆ ಇಳಿಸಿ, ಕಣ್ಣು ಬ್ರೇಕ್ ಹೋಸ್ ಮೇಲೆ. ಹೋಸ್ ಬಿಗಿಯಾಗೋ ಮೊದಲೇ ನಿಲ್ಲಿಸಿ, ಬೇಕಾದರೆ ಹೋಸ್ ಬಿಚ್ಚಿ ಬಾಯಿ ಮುಚ್ಚಿ. ಕಮಾನಿನ ಕಣ್ಣಿನ ಬೋಲ್ಟ್ ಕೈಯಲ್ಲಿ ಜಾರೋ ಹಾಗಾದಾಗ ಹೊರಕ್ಕೆ. ಹಬ್ಬನ್ನು ತಂತಿಯಲ್ಲಿ ಕಟ್ಟಿ ನೇತುಹಾಕಿ. ಡ್ರೈವ್‌ಶಾಫ್ಟ್ ಕೂಡ ತೆಗೆಯೋದಾದರೆ ಒಳಫ್ಲ್ಯಾಂಜ್‌ನ ನಾಲ್ಕು ಬೋಲ್ಟಿಗೆ 9/16 ಎಎಫ್ ಸ್ಪ್ಯಾನರ್. 14 ಎಂಎಂ ಕೂರಬಹುದು ಅನ್ನಿಸುತ್ತೆ, ಆದರೆ 9/16 ಅಂದರೆ 14.29 ಮಿಮೀ, 14 ಎಂಎಂ ಒಳಗೆ ಹೋಗಲ್ಲ. 15 ಎಂಎಂ ಹಾಕಿದರೆ ಮೂಲೆ ಉರುಟಾಗುತ್ತೆ.

ಸೀಟಿನ ಹಿಂದೆ ಕಾರ್ಪೆಟ್ ಕೆಳಗೆ ಒಂದು ಮುಚ್ಚಳ ಇದೆ, ಅದನ್ನು ತೆಗೆದರೆ ಕಮಾನಿನ ಪೆಟ್ಟಿಗೆಯ ನಟ್‌ಗಳು ಎದುರಿಗೇ. ನಟ್ ತೆಗೆದ ಮೇಲೆ ಸ್ಟಡ್‌ಗಳನ್ನೂ ತೆಗೆಯಬೇಕಾಗುತ್ತೆ, ಇಲ್ಲದಿದ್ದರೆ ಕಮಾನನ್ನು ಮೇಲೆತ್ತಿ ಪಕ್ಕಕ್ಕೆ ಎಳೆಯೋಕೆ ಜಾಗ ಸಿಗಲ್ಲ. ಎರಡು ನಟ್ ಒಂದರ ಮೇಲೊಂದು ಬಿಗಿದು ಕೆಳಗಿನದನ್ನು ತಿರುಗಿಸಿದರೆ ಸ್ಟಡ್ ಬರುತ್ತೆ. ವಾಪಸ್ ಹಾಕುವಾಗ ಎಳೆಗೆ ಸೀಲಂಟ್ ಹಚ್ಚಿ, ಇಲ್ಲಾಂದ್ರೆ ಡಿಫರೆನ್ಷಿಯಲ್ ಎಣ್ಣೆ ಸ್ಟಡ್ ಹಿಡಿದು ಮೇಲೆ ಜಿನುಗುತ್ತೆ. ಕಮಾನಿನ ಮೇಲೆ ಮುಂದಿನ ದಿಕ್ಕಿನ ಗುರುತು ಇರುತ್ತೆ, ಹಳೆಯದನ್ನು ತೆಗೆಯೋ ಮೊದಲೇ ನೋಡಿ ಫೋಟೋ ತೆಗೆದಿಡಿ.

1973ರ ಆರಂಭದಲ್ಲಿ ಹಿಂದಿನ ಶಾಫ್ಟ್‌ಗಳನ್ನು ಪ್ರತಿ ಬದಿಗೂ ಒಂದೊಂದು ಇಂಚು ಉದ್ದ ಮಾಡಿದರು, ಕಮಿಷನ್ ನಂಬರ್ (ಗಾಡಿಯ ತಯಾರಿಕೆ ಸಂಖ್ಯೆ) ಎಫ್‌ಎಚ್ 50001ರಿಂದ. ನಿಮ್ಮದು ಯಾವ ಕಡೆಗೆ ಬೀಳುತ್ತೆ ಅಂತ ಕಮಿಷನ್ ನಂಬರ್ ನೋಡಿಯೇ ಡ್ರೈವ್‌ಶಾಫ್ಟ್ ಗಿವ್‌ಶಾಫ್ಟ್ ತರಿಸಿ.

---

ಹೆರಾಲ್ಡ್‌ಪ್ರಿಯ (ಹುಬ್ಬಳ್ಳಿ)

ಒಂದು ಮಾತು ಸೇರಸ್ತೀನ್ರಿ. ನಮ್ಮ ಕಡೆ ಓಡಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಮದ್ರಾಸಿನಾಗ ತಯಾರಾಗಿದ್ದು, ಆದ್ರ ಹಿಂದಿನ ಕಾಲು ಇದ ಅದ: ಅಡ್ಡ ಕಮಾನು, ಸ್ವಿಂಗ್ ಆಕ್ಸಲ್, ಟ್ರನಿಯನ್ ಎಲ್ಲಾ. 1972ರಾಗ ಗೆಜೆಲ್ ಅನ್ನೋ ಮಾದರಿ ಬಂದಾಗ ಇದನ್ನ ಬಿಟ್ಟು ಸಾದಾ ಗಟ್ಟಿ ಆಕ್ಸಲ್ ಹಾಕಿದ್ರು. ಟ್ರನಿಯನ್ನಿನ ನೈಲಾನ್ ಬುಷ್ ಹೆರಾಲ್ಡಿಗೂ ಸ್ಪಿಟ್‌ಫೈರಿಗೂ ಒಂದ. ಕಮಾನು ಮಾತ್ರ ಒಂದಲ್ಲ. ಊರಾಗ ಯಾರದರೆ ಹತ್ರ ಹೆರಾಲ್ಡಿನ ಕಮಾನು ಸಿಕ್ತು ಅಂತ ಮಾರ್ಕ್ 4ಕ್ಕ ಹಾಕಬ್ಯಾಡ್ರಿ. ಅದು ಪೂರಾ ಬಿಗಿದು ಕೂಡೋ ಕಮಾನು. ಸ್ವಿಂಗ್-ಸ್ಪ್ರಿಂಗ್ ಗಾಡಿಗೆ ಮುಂದ 7/8 ಇಂಚಿನ ದಪ್ಪ ಆಂಟಿ-ರೋಲ್ ಬಾರ್ (ತಿರುವಿನಾಗ ಗಾಡಿ ವಾಲೂದು ತಡಿಯೋ ಸರಳು) ಕೊಟ್ಟಿದ್ದು ಹಿಂದಿನ ಕಮಾನು ಆ ವಾಲಿಕೆ ತಡಿಯೂದಿಲ್ಲ ಅಂತ. ಒಂದನ್ನ ಬದಲಿಸಿ ಇನ್ನೊಂದು ಬಿಟ್ರ ತೂಕ ತಪ್ಪತದ.

ಬುಷ್ ಒತ್ತಲಿಕ್ಕೆ ಪ್ರೆಸ್ ಬೇಕಾಗಿಲ್ಲ. ಒಂದು ಉದ್ದ ಬೋಲ್ಟು, ಒಂದು ಕಡೆ ಬುಷ್ಷಿನಷ್ಟ ದಪ್ಪ ಸಾಕೆಟ್ಟು, ಇನ್ನೊಂದು ಕಡೆ ಅದು ಹೊಕ್ಕೊಳ್ಳುವಂಥಾ ಪೈಪಿನ ತುಂಡು. ನಟ್ಟು ಬಿಗೀತಾ ಹೋದ್ರ ಹಳೇದು ಹೊರಗ, ಹೊಸಾದು ಒಳಗ. ಹಳೇದು ಹಠ ಹಿಡದ್ರ ನಡುವಿನ ರಬ್ಬರ್ ಡ್ರಿಲ್‌ನಿಂದ ತಗದು, ಹೊರಗಿನ ಚಿಪ್ಪನ್ನ ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ ಒಂದು ಗೀರು ಕೊಯ್ದು ಉಳಿಯಿಂದ ಮಡಚ್ರಿ. ಹೊಸದಕ್ಕ ಸೋಪಿನ ನೀರು ಹಚ್ಚ್ರಿ, ಗ್ರೀಸ್ ಬ್ಯಾಡ, ರಬ್ಬರ್ ಉಬ್ಬತದ.

---

ಕೆಂಪುಸ್ಪಿಟ್

ಬೋಲ್ಟ್ ಕೊಯ್ದು ತೆಗೆದೆ, ಕಿವಿ ನೇರ ಇದೆ. ಉಳಿದ ಪ್ರಶ್ನೆ ಎರಡು. ಪಾಲಿ ಬುಷ್ ಹಾಕಲಾ, ರಬ್ಬರ್ ಹಾಕಲಾ? ಮತ್ತು ಗಾಡಿ ಸ್ಟ್ಯಾಂಡ್ ಮೇಲಿದ್ದಾಗಲೇ ಎಲ್ಲಾ ಬೋಲ್ಟ್ ಟಾರ್ಕ್ ಮಾಡಿ ಮುಗಿಸಬಹುದಾ?

---

ಗ್ರೀಸ್‌ಗನ್

ಎರಡನೇ ಪ್ರಶ್ನೆಗೆ ಮೊದಲು: ಬೇಡ! ಟ್ರನಿಯನ್ ಬೋಲ್ಟ್ ಎಲ್ಲಿ ಬೇಕಾದರೂ ಬಿಗಿಯಿರಿ, ಅದು ನೈಲಾನ್ ಮೇಲೆ ತಿರುಗೋ ಕೀಲು. ಆದರೆ ಕಮಾನಿನ ಕಣ್ಣು, ರೇಡಿಯಸ್ ಆರ್ಮ್‌ನ ಎರಡೂ ತುದಿ ರಬ್ಬರ್ ಬುಷ್. ರಬ್ಬರು ಒಳಕೊಳವೆಗೂ ಹೊರಚಿಪ್ಪಿಗೂ ಅಂಟಿಕೊಂಡಿದೆ, ತಿರುಗಲ್ಲ, ತಿರುಚಿಕೊಳ್ಳುತ್ತೆ. ಚಕ್ರ ನೇತಾಡ್ತಿರುವಾಗ ಬಿಗಿದರೆ ಆ ನೇತಾಡೋ ಕೋನವೇ ಅದಕ್ಕೆ ವಿಶ್ರಾಂತಿ. ಗಾಡಿ ಕೆಳಗಿಳಿದ ಕ್ಷಣದಿಂದ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡೇ ಇರುತ್ತೆ. ಗಾಡಿ ಎತ್ತರ ನಿಲ್ಲುತ್ತೆ, ಒಂದೆರಡು ವರ್ಷದಲ್ಲಿ ರಬ್ಬರು ಹರಿಯುತ್ತೆ. ನಿಮ್ಮ ಹಳೇ ಬುಷ್ ಬಿಟ್ಟುಕೊಂಡಿದ್ದಕ್ಕೂ ಇದೇ ಕಾರಣ ಇರಬಹುದು.

ಆದ್ದರಿಂದ ಕೈಬಿಗಿ ಮಾಡಿ, ಚಕ್ರ ಹಾಕಿ, ಇಳಿಸಿ. ಎರಡು ಸೀಟಿನ ಮೇಲೂ ತಲಾ 68 ಕೆಜಿ ಹೇರಿ, ಮರಳಿನ ಚೀಲವೋ ನೀರಿನ ಕ್ಯಾನೋ. ಗಾಡಿ ಹಿಂದೆ ಮುಂದೆ ಉರುಳಿಸಿ, ಹಿಂಭಾಗವನ್ನು ಮೂರ್ನಾಲ್ಕು ಸಲ ಒತ್ತಿ ಬಿಡಿ. ಆಮೇಲೆ ಕೆಳಗೆ ನುಗ್ಗಿ ಬಿಗಿಯಿರಿ. ಜಾಗ ಸಾಲದಿದ್ದರೆ ನಾಲ್ಕೂ ಚಕ್ರದ ಕೆಳಗೆ ಒಂದೇ ದಪ್ಪದ ಹಲಗೆ ಕೊಡಿ. ಜಾಕ್ ಮೇಲಿರೋ ಗಾಡಿ ಕೆಳಗೆ ಮಾತ್ರ ನುಗ್ಗಬೇಡಿ.

ಪಾಲಿ ವಿಚಾರ: ಹಿಂದಿನ ರೇಡಿಯಸ್ ಆರ್ಮ್‌ಗೆ ಪಾಲಿ ಚೆನ್ನಾಗಿದೆ, ನಿಮ್ಮ "ಪಕ್ಕಕ್ಕೆ ಹೆಜ್ಜೆ" ಅಲ್ಲೇ ನಿಲ್ಲುತ್ತೆ.

---

ಹಳೇಪಾನಾ

ಅಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ. ಚಕ್ರ ಮೇಲೆ ಕೆಳಗೆ ಹೋದಾಗ ರೇಡಿಯಸ್ ಆರ್ಮ್ ಬರೀ ತಿರುಗಲ್ಲ, ಆಕ್ಸಲ್ ಓರೆಯಾಗೋದರಿಂದ ಅದರ ಹಿಂತುದಿ ವಾಲುತ್ತೆ ಕೂಡ. ರಬ್ಬರು ಆ ವಾಲಿಕೆ ನುಂಗುತ್ತೆ. ಗಟ್ಟಿ ಪಾಲಿ ನುಂಗದೆ ಆ ಒತ್ತಡವನ್ನು ಬ್ರ್ಯಾಕೆಟಿಗೆ, ಅಲ್ಲಿಂದ ಬಾಡಿ ತಗಡಿಗೆ ಕೊಡುತ್ತೆ. ಐವತ್ತು ವರ್ಷದ ತಗಡಿಗೆ ಯಾಕೆ ಆ ಕೆಲಸ? ಓಟದ ಗಾಡಿ ಅಲ್ಲದಿದ್ದರೆ ಒಳ್ಳೆ ರಬ್ಬರ್ ಸಾಕು. ಡ್ಯಾಂಪರ್ ತುದಿಗೆ ಪಾಲಿ ಹಾಕಿ, ಅಲ್ಲಿ ತೊಂದರೆ ಇಲ್ಲ. ಕಮಾನಿನ ಕಣ್ಣಿಗೆ ಹೊಸ ಕಮಾನಿನ ಜೊತೆ ಸಾಮಾನ್ಯವಾಗಿ ಬುಷ್ ಹಾಕಿಯೇ ಬರುತ್ತೆ, ಮುಟ್ಟಬೇಡಿ.

ತರಿಸಬೇಕಾದ್ದು: ಕಮಾನು 1, ರೇಡಿಯಸ್ ಆರ್ಮ್ ಬುಷ್ 4, ಟ್ರನಿಯನ್ ಕಿಟ್ 2 (ಬಲಗಡೆಯದನ್ನೂ ಮಾಡಿ, ಕೈ ಹಾಕಿದ್ದೀರಿ), ಟ್ರನಿಯನ್ ಬೋಲ್ಟ್ 2, ಕಮಾನಿನ ಕಣ್ಣಿನ ಬೋಲ್ಟ್ 2, ಫ್ಲ್ಯಾಂಜ್ ಬಿಚ್ಚಿದರೆ ನೈಲಾಕ್ 8. ಡ್ಯಾಂಪರ್ ಕೈಯಲ್ಲಿ ಎಳೆದು ಒತ್ತಿ ನೋಡಿ. ಪ್ರತಿ ದಿಕ್ಕಿನಲ್ಲೂ ಉದ್ದಕ್ಕೂ ಒಂದೇ ಸಮ ಬಿಗಿ ಇದ್ದು, ನಡುವೆ ಖಾಲಿ ಜಾಗ ಇಲ್ಲ, ಎಣ್ಣೆ ಸೋರಿಲ್ಲ ಅಂದರೆ ಆ ದುಡ್ಡು ಉಳಿಸಿ ಮುಂದಿನ ಕಾಯಿಲ್ ಜೋಡಿಗೆ ಹಾಕಿ.

ರೇಡಿಯಸ್ ಬ್ರ್ಯಾಕೆಟ್ ಹಿಂದೆ ತೆಳು ಶಿಮ್‌ಗಳಿರುತ್ತವೆ, ಅಂದರೆ ಅಂತರ ಸರಿಮಾಡೋ ತಗಡಿನ ತುಂಡುಗಳು. ಎಡದ್ದು ಎಷ್ಟು, ಬಲದ್ದು ಎಷ್ಟು ಅಂತ ಎಣಿಸಿ ಬೇರೆ ಬೇರೆ ಡಬ್ಬಿಗೆ ಹಾಕಿ, ಬೆರೆಸಿಬಿಟ್ಟರೆ ಟೋ ಹೋಯ್ತು. ಶಿಮ್ ಸೇರಿಸಿದರೆ ಚಕ್ರ ಹಿಂದೆ ಸರಿದು ಟೋ-ಔಟ್ ಕಡೆಗೆ, ತೆಗೆದರೆ ಟೋ-ಇನ್ ಕಡೆಗೆ. ಮೊದಲು ಇದ್ದಷ್ಟೇ ಹಾಕಿ. ಹೊಸ ಕಮಾನು ಮೊದಮೊದಲು ಎತ್ತರ ನಿಲ್ಲುತ್ತೆ, ಚಕ್ರ ಹೊರಕ್ಕೆ ಬಾಗಿದ ಹಾಗೂ ಕಾಣಬಹುದು. ಗಾಬರಿಯಾಗಿ ಲೋವರಿಂಗ್ ಬ್ಲಾಕ್ (ಗಾಡಿ ತಗ್ಗಿಸೋ ತುಂಡು) ಹುಡುಕಬೇಡಿ. ಒಂದು 300 ಮೈಲಿ ಓಡಿಸಿ, ಕೂತ ಮೇಲೆ ದಾರ ಕಟ್ಟಿ ಟೋ ನೋಡಿ, ರಬ್ಬರ್ ಬುಷ್‌ಗಳ ಬೋಲ್ಟನ್ನು ಸಡಿಲಿಸಿ ಹೊಸ ಎತ್ತರದಲ್ಲಿ ಇನ್ನೊಮ್ಮೆ ಬಿಗಿಯಿರಿ.

---

ಕೆಂಪುಸ್ಪಿಟ್

ಎಡಕ್ಕೆ 3 ಶಿಮ್, ಬಲಕ್ಕೆ 1. ಬರೆದಿಟ್ಟೆ. ಇಷ್ಟು ವ್ಯತ್ಯಾಸ ಸಹಜವಾ?

---

ಹಳೇಪಾನಾ

ಒಂದೆರಡು ಶಿಮ್ ವ್ಯತ್ಯಾಸ ಇರುತ್ತೆ, ಬಾಡಿಗಳು ಅಷ್ಟು ಸಮ ಬಂದಿಲ್ಲ. ಹಾಗೇ ಹಾಕಿ. ದಾರ ಕಟ್ಟಿದ ದಿನ ಎಡ ಬಲ ಬೇರೆ ಬೇರೆ ಬಂದರೆ ಆಗ ಒಂದೊಂದೇ ಬದಲಿಸಿ. ಶಿಮ್ ಮುಟ್ಟಿದ ಮೇಲೆಲ್ಲ ಗಾಡಿ ಉರುಳಿಸಿಯೇ ಅಳೆಯಿರಿ.